ದ್ರಾವಣ, ಕಲಿಲ, ನಿಲಂಬನ: ಶಾಲಾ ಲ್ಯಾಬ್‌ನಲ್ಲಿ ಗುರುತಿಸೋದು ಹೇಗೆ? ಮನೆ, ತೋಟ, ಅಂಗಡಿಗೆ ಇದರಿಂದ ಏನು ಉಪಯೋಗ?

ಉಪ್ಪು ನೀರು, ಗಂಜಿ ನೀರು, ಮಣ್ಣು ನೀರು. ಮೂರೂ ನೀರಿಗೆ ಏನೋ ಒಂದನ್ನ ಬೆರೆಸಿ ಮಾಡಿದ್ದೇ. ಆದರೆ 9ನೇ ತರಗತಿಯ ವಿಜ್ಞಾನದಲ್ಲಿ ಮೂರಕ್ಕೂ ಬೇರೆ ಬೇರೆ ಹೆಸರು. ಮೊದಲನೆಯದು ದ್ರಾವಣ, ಎರಡನೆಯದು ಕಲಿಲ, ಮೂರನೆಯದು ನಿಲಂಬನ. ಮಕ್ಕಳು ಇದನ್ನ ಉರು ಹೊಡೆದು ಪರೀಕ್ಷೆ ಬರೀತಾರೆ, ಆಮೇಲೆ ಮರೀತಾರೆ. ಆದರೆ ಮಗುವಿಗೆ ಜ್ವರದ ಔಷಧಿ ಕುಡಿಸುವಾಗ, ಅಡಿಕೆ ತೋಟಕ್ಕೆ ಔಷಧಿ ಹೊಡೆಯುವಾಗ, ಬೋರ್‌ವೆಲ್ ನೀರು ಕುಡಿಯುವಾಗ ಇದೇ ಪಾಠ ಕೆಲಸಕ್ಕೆ ಬರುತ್ತೆ. ಹಾಗಾಗಿ ಪ್ರಾಕ್ಟಿಕಲ್ ಮಾಡುವ ಮಕ್ಕಳಿಗೂ, ಅವರ ಮನೆಯವರಿಗೂ, ಅಂಗಡಿಯವರಿಗೂ ಉಪಯೋಗ ಆಗುವ ಹಾಗೆ ಪೂರ್ತಿ ಮಾಹಿತಿ ಇಲ್ಲಿದೆ.

ಮೂರಕ್ಕೂ ಇರುವ ವ್ಯತ್ಯಾಸ ಏನು?

ಎಲ್ಲ ವ್ಯತ್ಯಾಸಕ್ಕೂ ಒಂದೇ ಕಾರಣ: ಕಣದ ಗಾತ್ರ.

ದ್ರಾವಣ: ಸಕ್ಕರೆ, ಉಪ್ಪು, ಪಟಿಕ ನೀರಿನಲ್ಲಿ ಪೂರ್ತಿ ಕರಗುತ್ತವೆ. ಕಣಗಳು 1 ನ್ಯಾನೋಮೀಟರ್‌ಗಿಂತ ಸಣ್ಣವು. ಲೋಟದ ಮೇಲಿನ ಗುಟುಕಿಗೂ ತಳದ ಗುಟುಕಿಗೂ ಒಂದೇ ರುಚಿ. ಎಷ್ಟು ದಿನ ಇಟ್ಟರೂ ತಳಕ್ಕೆ ಇಳಿಯಲ್ಲ.

ಕಲಿಲ: ಗಂಜಿ ನೀರು, ಹಾಲು, ಮೊಟ್ಟೆಯ ಬಿಳಿಭಾಗ ಬೆರೆಸಿದ ನೀರು. ಕಣಗಳು 1ರಿಂದ 100 ನ್ಯಾನೋಮೀಟರ್ ಅಂತ ಕೆಲವು ಪುಸ್ತಕದಲ್ಲಿ ಇರುತ್ತೆ, ದೊಡ್ಡ ತರಗತಿಯ ಪುಸ್ತಕಗಳಲ್ಲಿ 1000ದವರೆಗೂ ಹೇಳ್ತಾರೆ. ನೋಡೋಕೆ ಒಂದೇ ಸಮ ಕಾಣುತ್ತೆ, ಆದರೆ ಪೂರ್ತಿ ಕರಗಿರಲ್ಲ.

ನಿಲಂಬನ: ಮಣ್ಣು, ಸೀಮೆಸುಣ್ಣದ ಪುಡಿ, ನಯ ಮರಳು ಕದಡಿದ ನೀರು. ಕಣಗಳು ಇನ್ನೂ ದೊಡ್ಡವು, ಎಷ್ಟೋ ಸಲ ಕಣ್ಣಿಗೇ ಕಾಣುತ್ತವೆ. ಕದಡಿದಾಗ ತೇಲಾಡಿ, ಬಿಟ್ಟರೆ ತಳಕ್ಕೆ ಕೂರುತ್ತವೆ.

ನ್ಯಾನೋಮೀಟರ್ ಅಂದರೆ ಎಷ್ಟು ಅಂತ ಅಂದಾಜು ಬೇಕಾದರೆ, 1 ಮಿಲಿಮೀಟರನ್ನ 10 ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ನಮ್ಮ ತಲೆಕೂದಲಿನ ದಪ್ಪವೇ ಹೆಚ್ಚುಕಡಿಮೆ 50 ಸಾವಿರದಿಂದ 1 ಲಕ್ಷ ನ್ಯಾನೋಮೀಟರ್ ಇರುತ್ತೆ.

ಪ್ರಾಕ್ಟಿಕಲ್‌ಗೆ ಏನೇನು ಬೇಕು?

ಬೀಕರ್‌ಗಳು, ಗಾಜಿನ ಕಡ್ಡಿ, ಆಲಿಕೆ, ಫಿಲ್ಟರ್ ಪೇಪರ್, ಸ್ಪಿರಿಟ್ ದೀಪ, ಒಂದು ಟಾರ್ಚ್. ಬೆರೆಸೋಕೆ ಉಪ್ಪು, ಸಕ್ಕರೆ, ಪಟಿಕ, ಮಣ್ಣು, ಸೀಮೆಸುಣ್ಣ, ಮರಳು, ಗಂಜಿ ಪುಡಿ, ಒಂದು ಹಸಿ ಮೊಟ್ಟೆ. ಲ್ಯಾಬ್ ಇಲ್ಲದ ಶಾಲೆಯಲ್ಲಿ ಗಾಜಿನ ಲೋಟ, ಮೊಬೈಲ್ ಟಾರ್ಚ್ ಇದ್ದರೂ ಆಗುತ್ತೆ. ಗಂಜಿ ಪುಡಿಗೆ ದಿನಸಿ ಅಂಗಡಿಯ ಕಾರ್ನ್‌ಫ್ಲೋರ್ ಸಾಕು. ಫಿಲ್ಟರ್ ಪೇಪರ್ ಮಾತ್ರ ನಿಜವಾದದ್ದೇ ಇರಲಿ. ಬಟ್ಟೆಯಲ್ಲಿ ಸೋಸಿದರೆ ಮಣ್ಣಿನ ನಯ ಕಣಗಳೂ ಇಳಿದುಬಿಡುತ್ತವೆ, ಉತ್ತರ ತಪ್ಪಾಗುತ್ತೆ.

ತಯಾರಿ ಹೇಗೆ?

1. ಉಪ್ಪು, ಸಕ್ಕರೆ, ಪಟಿಕದ ಪುಡಿ: ಮೂರು ಬೀಕರ್‌ನಲ್ಲಿ 50 ಮಿ.ಲೀ. ನೀರು ತಗೊಂಡು, ಒಂದೊಂದಕ್ಕೆ ಅರ್ಧ ಚಮಚ ಹಾಕಿ ಕರಗುವ ತನಕ ಕಲಸಿ.

2. ಮಣ್ಣು, ಸೀಮೆಸುಣ್ಣದ ಪುಡಿ, ಮರಳು: ಇವನ್ನೂ ಅದೇ ಥರ ಬೇರೆ ಬೇರೆ ಬೀಕರ್‌ನಲ್ಲಿ ಕದಡಿ.

3. ಗಂಜಿ: ಅರ್ಧ ಚಮಚ ಪುಡಿಯನ್ನ ಮೊದಲು ಸ್ವಲ್ಪ ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ. 100 ಮಿ.ಲೀ. ನೀರು ಕುದಿಯೋಕೆ ಇಟ್ಟು, ಕುದಿ ಬಂದ ಮೇಲೆ ಈ ಕಲಸಿದ್ದನ್ನ ನಿಧಾನಕ್ಕೆ ಸುರೀತಾ ಕೈಯಾಡಿಸಿ. ಒಂದೆರಡು ನಿಮಿಷ ಕುದಿಸಿ ಆರೋಕೆ ಬಿಡಿ. ಪುಡಿಯನ್ನ ನೇರವಾಗಿ ತಣ್ಣೀರಿಗೆ ಹಾಕಿ ಬಿಟ್ಟರೆ ಅದು ಕಲಿಲ ಆಗಲ್ಲ. ತಳಕ್ಕೆ ಕೂತು ನಿಲಂಬನದ ಥರ ಕಾಣುತ್ತೆ.

4. ಮೊಟ್ಟೆ: ಹಸಿ ಮೊಟ್ಟೆ ಒಡೆದು ಹಳದಿ ಬಿಟ್ಟು ಬಿಳಿಭಾಗ ಮಾತ್ರ ತಗೊಳ್ಳಿ. ಚಿಟಿಕೆ ಉಪ್ಪು ಹಾಕಿದ 100 ಮಿ.ಲೀ. ತಣ್ಣೀರಿಗೆ ಹಾಕಿ ನಿಧಾನಕ್ಕೆ ಕಲಸಿ. ಬಿಸಿನೀರು ಹಾಕಬಾರದು, ಬಿಳಿಭಾಗ ಗಟ್ಟಿಯಾಗಿ ಚೂರು ಚೂರಾಗುತ್ತೆ. ಬಿಸಿಯೂಟದ ಬೇಯಿಸಿದ ಮೊಟ್ಟೆಯೂ ಅದೇ ಕಾರಣಕ್ಕೆ ಇದಕ್ಕೆ ಬರಲ್ಲ.

ನಾಲ್ಕು ಪರೀಕ್ಷೆಗಳು

ಒಂದು, ಪಾರದರ್ಶಕತೆ. ಬೀಕರ್ ಹಿಂದೆ ಒಂದು ಪುಸ್ತಕದ ಅಕ್ಷರ ಹಿಡಿದು ನೋಡಿ. ದ್ರಾವಣದಲ್ಲಿ ಅಕ್ಷರ ಸ್ಪಷ್ಟ. ಕಲಿಲದಲ್ಲಿ ಮಬ್ಬು. ಆಗ ತಾನೇ ಕದಡಿದ ನಿಲಂಬನದಲ್ಲಿ ಕಾಣೋದೇ ಇಲ್ಲ ಅಥವಾ ತೀರಾ ಅಸ್ಪಷ್ಟ. ಇಲ್ಲಿ ಒಂದು ವಿಷಯ ನೆನಪಿಡಿ: ಬಣ್ಣ ಇದೆ ಅಂದ ಮಾತ್ರಕ್ಕೆ ದ್ರಾವಣ ಅಲ್ಲ ಅಂತಲ್ಲ. ಮೈಲುತುತ್ತಿನ ನೀರು ಕಡುನೀಲಿ, ಆದರೂ ಅದರ ಮೂಲಕ ಅಕ್ಷರ ಓದಬಹುದು. ಅದು ದ್ರಾವಣವೇ.

ಎರಡು, ಬೆಳಕಿನ ಪರೀಕ್ಷೆ. ಕೋಣೆ ಕತ್ತಲು ಮಾಡಿ, ಟಾರ್ಚ್ ಮುಂದೆ ಸಣ್ಣ ತೂತು ಮಾಡಿದ ರಟ್ಟು ಹಿಡಿದು, ಬೆಳಕನ್ನ ಬೀಕರ್‌ನ ಒಂದು ಬದಿಯಿಂದ ಹಾಯಿಸಿ. ನೋಡೋದು ಮಾತ್ರ ಪಕ್ಕದಿಂದ. ದ್ರಾವಣದಲ್ಲಿ ಬೆಳಕು ಹೋದ ದಾರಿ ಕಾಣಲ್ಲ. ಕಲಿಲದಲ್ಲಿ ಬೆಳಕಿನ ದಾರಿ ಕೋಲಿನ ಥರ ಹೊಳೆಯುತ್ತೆ. ಇದಕ್ಕೆ ಟಿಂಡಾಲ್ ಪರಿಣಾಮ ಅಂತ ಹೆಸರು. ಹೆಂಚಿನ ಸಂದಿಯಿಂದ ಅಡುಗೆಮನೆಯ ಹೊಗೆಯೊಳಗೆ ಬಿಸಿಲುಕೋಲು ಬೀಳೋದು, ಮಂಜು ಕವಿದ ಘಾಟಿಯಲ್ಲಿ ಬಸ್ಸಿನ ಹೆಡ್‌ಲೈಟ್ ಬೆಳಕು ಉದ್ದಕ್ಕೆ ಕಾಣೋದು, ಎರಡೂ ಇದೇ. ನಿಲಂಬನವೂ ಕದಡಿದ್ದಾಗ ಬೆಳಕನ್ನ ಚೆದುರಿಸುತ್ತೆ, ಕಣಗಳು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯಲ್ಲಿ ಅದು ಕಡಿಮೆ ಆಗುತ್ತೆ. ಲೇಸರ್ ಪಾಯಿಂಟರ್ ಬಳಸಿದರೆ ಯಾರ ಕಣ್ಣಿಗೂ ಬೀಳದ ಹಾಗೆ ಟೀಚರ್ ಎದುರಲ್ಲೇ ಬಳಸಬೇಕು.

ಮೂರು, ಸ್ಥಿರತೆ. ಎಲ್ಲ ಬೀಕರ್ ಅಲುಗಾಡದ ಹಾಗೆ 15 ನಿಮಿಷ ಇಡಿ. ದ್ರಾವಣ, ಕಲಿಲ ಇದ್ದ ಹಾಗೇ ಇರುತ್ತವೆ. ನಿಲಂಬನದಲ್ಲಿ ಗಸಿ ತಳಕ್ಕೆ ಇಳಿಯುತ್ತೆ. ಮರಳು ಕೂಡಲೇ, ಸೀಮೆಸುಣ್ಣ ಸ್ವಲ್ಪ ನಿಧಾನಕ್ಕೆ, ಜೇಡಿ ಮಣ್ಣು ಎಲ್ಲಕ್ಕಿಂತ ನಿಧಾನಕ್ಕೆ.

ನಾಲ್ಕು, ಸೋಸುವುದು. ದ್ರಾವಣ, ಕಲಿಲ ಎರಡೂ ಸಾಮಾನ್ಯ ಫಿಲ್ಟರ್ ಪೇಪರ್ ದಾಟಿ ಕೆಳಗೆ ಇಳಿಯುತ್ತವೆ. ನಿಲಂಬನದ ಕಣ ಪೇಪರ್ ಮೇಲೇ ಉಳಿಯುತ್ತೆ. ಕಲಿಲ ಯಾಕೆ ನಿಲ್ಲಲ್ಲ? ಲ್ಯಾಬ್‌ನಲ್ಲಿ ತುಂಬಾ ಬಳಕೆಯಲ್ಲಿರುವ ವಾಟ್‌ಮನ್ 1ನೇ ನಂಬರ್ ಪೇಪರ್ ತಡೆಯೋದು ಹೆಚ್ಚುಕಡಿಮೆ 11 ಸಾವಿರ ನ್ಯಾನೋಮೀಟರ್‌ಗಿಂತ ದೊಡ್ಡ ಕಣಗಳನ್ನ. ಕೆಲವು ನೂರು ನ್ಯಾನೋಮೀಟರ್‌ನ ಕಣಕ್ಕೆ ಅದು ತೆರೆದ ಗೇಟ್ ಇದ್ದ ಹಾಗೆ.

ಹಾಗಾಗಿ ಗುರುತಿಸುವ ಕ್ರಮ ಸುಲಭ. ಪೇಪರ್ ಮೇಲೆ ಗಸಿ ಉಳಿದು, ಬಿಟ್ಟಾಗ ತಳಕ್ಕೂ ಕೂತರೆ ನಿಲಂಬನ. ಎರಡೂ ಆಗದೆ, ಬೆಳಕಿನ ದಾರಿ ಕಂಡರೆ ಕಲಿಲ. ಬೆಳಕಿನ ದಾರಿಯೂ ಕಾಣದಿದ್ದರೆ ದ್ರಾವಣ.

ಮಕ್ಕಳು ಎಡವೋದು ಎಲ್ಲಿ?

• ಬರೀ ನೀರನ್ನ ಮೊದಲು ಪರೀಕ್ಷೆ ಮಾಡದೆ ಇರೋದು. ನಲ್ಲಿ ನೀರಲ್ಲೇ ಧೂಳು ಇದ್ದರೆ ಉಪ್ಪು ನೀರಲ್ಲೂ ಬೆಳಕಿನ ಗೆರೆ ಕಾಣುತ್ತೆ. ಏನೂ ಬೆರೆಸದ ನೀರಿನ ಒಂದು ಬೀಕರ್ ಪಕ್ಕದಲ್ಲಿ ಇಟ್ಟುಕೊಂಡು ಹೋಲಿಸಿ. ಸಾಧ್ಯ ಇದ್ದರೆ ಡಿಸ್ಟಿಲ್ಡ್ ವಾಟರ್ ಬಳಸಿ.

• ಹಾಲನ್ನ ಹಾಗೇ ಗಟ್ಟಿಯಾಗಿ ಪರೀಕ್ಷೆ ಮಾಡೋದು. ಬೆಳಕು ಒಳಗೇ ಹೋಗಲ್ಲ. ಒಂದು ಲೋಟ ನೀರಿಗೆ ಎರಡು ಮೂರು ಹನಿ ಹಾಲು ಸಾಕು.

• ಮಣ್ಣು ನೀರು ಒಂದು ಗಂಟೆ ಆದರೂ ತಿಳಿ ಆಗಲಿಲ್ಲ ಅಂತ ಅದನ್ನ ಕಲಿಲ ಅಂತ ಬರೆಯೋದು. ಮಣ್ಣಿನಲ್ಲಿ ಮರಳೂ ಇರುತ್ತೆ, ಕಲಿಲದಷ್ಟು ನಯವಾದ ಜೇಡಿಯೂ ಇರುತ್ತೆ, ಕರಗುವ ಲವಣವೂ ಇರುತ್ತೆ. ಒಂದೇ ಬೀಕರ್‌ನಲ್ಲಿ ಮೂರೂ ಇವೆ. ಗಸಿ ಕೂತಿದೆ, ಪೇಪರ್ ಮೇಲೆ ಉಳಿದಿದೆ ಅನ್ನೋದನ್ನ ನೋಡಿ ನಿಲಂಬನ ಅಂತ ಬರೆಯಿರಿ, ಮೇಲಿನ ಮಬ್ಬಿಗೆ ಕಾರಣವನ್ನೂ ಬರೆಯಿರಿ.

• ರುಚಿ ನೋಡೋದು. ಲ್ಯಾಬ್‌ನಲ್ಲಿ ಯಾವುದನ್ನೂ ಬಾಯಿಗೆ ಇಡಬಾರದು. ಮೈಲುತುತ್ತು ವಿಷ.

ಕಲಿಲ ತಳಕ್ಕೆ ಯಾಕೆ ಕೂರಲ್ಲ?

ಎರಡು ಕಾರಣ. ನೀರಿನ ಅಣುಗಳು ಸುಮ್ಮನೆ ಇರಲ್ಲ, ಎಲ್ಲ ಕಡೆಯಿಂದ ಕಣಗಳಿಗೆ ಗುದ್ದುತ್ತಾನೇ ಇರುತ್ತವೆ. ಕಲಿಲದ ಕಣ ಹಗುರ, ಹಾಗಾಗಿ ಅತ್ತಿತ್ತ ಓಡಾಡುತ್ತೆ. 1827ರಲ್ಲಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ಈ ಚಲನೆ ಗಮನಿಸಿದ್ದರಿಂದ ಬ್ರೌನಿಯನ್ ಚಲನೆ ಅನ್ನೋ ಹೆಸರು. ಎರಡನೆಯದು, ಎಷ್ಟೋ ಕಲಿಲಗಳಲ್ಲಿ ಕಣಗಳ ಮೇಲೆ ಒಂದೇ ಥರದ ವಿದ್ಯುತ್ ಆವೇಶ ಇರುತ್ತೆ. ಒಂದನ್ನೊಂದು ತಳ್ಳುತ್ತವೆ, ಗುಂಪುಗೂಡಲ್ಲ.

ಈ ಆವೇಶ ಕೆಡಿಸಿದರೆ ಕಣಗಳು ಗಂಟು ಕಟ್ಟಿ ಬೇರೆ ಆಗುತ್ತವೆ. ಹಾಲಿಗೆ ನಿಂಬೆರಸ ಹಿಂಡಿದರೆ ಒಡೆಯೋದು, ರಬ್ಬರ್ ಹಾಲಿಗೆ ಆಸಿಡ್ ಹಾಕಿದರೆ ಶೀಟ್ ಮಾಡುವಷ್ಟು ಗಟ್ಟಿಯಾಗೋದು, ರಾಡಿ ನೀರಿಗೆ ಪಟಿಕ ಹಾಕಿದರೆ ತಿಳಿಯಾಗೋದು, ಮೂರರ ಹಿಂದೆ ಇರೋದೂ ಇದೇ. ನೀರು ಶುದ್ಧೀಕರಣ ಘಟಕಗಳಲ್ಲಿ ಹೊಳೆ ನೀರಿಗೆ ಆಲಂ ಹಾಕೋದು ಇದಕ್ಕಾಗಿಯೇ.

ಕಲಿಲವನ್ನ ಇಂಗ್ಲಿಷಿನಲ್ಲಿ ಕೊಲಾಯ್ಡ್ ಅಂತಾರೆ. 1861ರಲ್ಲಿ ಆ ಹೆಸರು ಬಳಕೆಗೆ ತಂದವರು ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ. ಗ್ರೀಕ್ ಭಾಷೆಯಲ್ಲಿ ಅಂಟಿಗೆ ಇರುವ ಪದದಿಂದ ಅದು ಬಂದಿದೆ.

ತೋಟದಲ್ಲಿ: ‘ಬೋರ್ಡೋ ದ್ರಾವಣ’ ದ್ರಾವಣವೇ ಅಲ್ಲ

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಮಳೆಗಾಲ ಬಂತು ಅಂದರೆ ಕೊಳೆ ರೋಗದ ಭಯ. ಔಷಧಿ ಅಂದರೆ ಮೈಲುತುತ್ತು, ಸುಣ್ಣ. ಫ್ರಾನ್ಸ್‌ನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಶುರುವಾದದ್ದು ಇದು. ನಮ್ಮಲ್ಲಿ ಅಡಿಕೆ ಕೊಳೆಗೆ ಇದನ್ನ ಪ್ರಚಾರಕ್ಕೆ ತಂದವರು, 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್.

ಶೇ.1ರ ಬೋರ್ಡೋಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, ಒಟ್ಟು 100 ಲೀಟರ್ ನೀರು. ಮೈಲುತುತ್ತನ್ನ 50 ಲೀಟರ್‌ನಲ್ಲಿ, ಸುಣ್ಣವನ್ನ ಇನ್ನೊಂದು 50 ಲೀಟರ್‌ನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್‌ನಲ್ಲಿ ಕಲಸಿ, ಮೈಲುತುತ್ತಿನ ನೀರನ್ನ ಸುಣ್ಣದ ನೀರಿಗೆ ಕೈಯಾಡಿಸುತ್ತಾ ಸುರೀತಾರೆ. ಸುರಿಯುವ ತನಕ ಮೈಲುತುತ್ತಿನ ನೀರು ದ್ರಾವಣ. ಸುಣ್ಣ ಸೇರಿದ ಕೂಡಲೇ ಕರಗಿದ್ದ ತಾಮ್ರ ನಯವಾದ ನೀಲಿ ಕಣವಾಗಿ ಹೊರಗೆ ಬರುತ್ತೆ. ಎಲ್ಲರೂ ದ್ರಾವಣ ಅಂತ ಕರೆದರೂ ಪಂಪಿಗೆ ತುಂಬೋದು ನಿಲಂಬನ.

ಇದು ಗೊತ್ತಿದ್ದರೆ ಮೂರು ವಿಷಯ ತಾನಾಗೇ ಅರ್ಥ ಆಗುತ್ತೆ. ಒಂದು, ಹೊಡೆಯುವಾಗ ಡ್ರಮ್ ಆಗಾಗ ಕದಡಬೇಕು, ಇಲ್ಲದಿದ್ದರೆ ಮೊದಲ ಮರಕ್ಕೊಂದು ಪ್ರಮಾಣ, ಕೊನೆಯ ಮರಕ್ಕೊಂದು ಪ್ರಮಾಣ. ಎರಡು, ಮಾಡಿದ ದಿನವೇ ಮುಗಿಸಬೇಕು. ಇಟ್ಟಷ್ಟೂ ಕಣಗಳು ದೊಡ್ಡದಾಗಿ ತಳ ಸೇರುತ್ತವೆ, ಗೊನೆಗೆ ಅಂಟುವ ಗುಣ ಕಡಿಮೆ ಆಗುತ್ತೆ. ಮೂರು, ಹಳಬರು ಮಾಡುವ ಚಾಕು ಪರೀಕ್ಷೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನ ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ, ತಾಮ್ರ ಇನ್ನೂ ಕರಗಿದ ರೂಪದಲ್ಲೇ ಉಳಿದಿದೆ ಅಂತ ಅರ್ಥ. ಹಾಗೇ ಹೊಡೆದರೆ ಎಲೆ, ಕಾಯಿ ಸುಡುತ್ತವೆ. ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ದ್ರಾವಣ ಯಾವುದು, ನಿಲಂಬನ ಯಾವುದು ಅಂತ ತೋಟದಲ್ಲಿ ನಿಂತು ಮಾಡುವ ಪರೀಕ್ಷೆಯೇ ಇದು.

ಗೊಬ್ಬರದ ಅಂಗಡಿಯ ಡಬ್ಬಗಳ ಮೇಲಿನ ಅಕ್ಷರಗಳೂ ಇದನ್ನೇ ಹೇಳೋದು. ಡಬ್ಲ್ಯು.ಪಿ. ಅಂದರೆ ನೀರಲ್ಲಿ ಕದಡುವ ಪುಡಿ, ಎಸ್.ಸಿ. ಅಂದರೆ ದ್ರವ ರೂಪದ ನಿಲಂಬನ. ಎರಡನ್ನೂ ಕದಡುತ್ತಾ ಇರಬೇಕು. ಇ.ಸಿ. ನೀರಿಗೆ ಬಿದ್ದರೆ ಹಾಲಿನ ಥರ ಬೆಳ್ಳಗಾಗುತ್ತೆ, ಎಣ್ಣೆಯ ಸಣ್ಣ ಹನಿಗಳು ನೀರಲ್ಲಿ ಹರಡಿದ ಎಮಲ್ಷನ್ ಅದು. ಎಸ್.ಎಲ್. ಅಂದರೆ ಪೂರ್ತಿ ಕರಗುವಂಥದ್ದು.

ಮೆಡಿಕಲ್ ಶಾಪ್‌ನಲ್ಲಿ: ‘ಚೆನ್ನಾಗಿ ಅಲುಗಾಡಿಸಿ’ ಅಂತ ಯಾಕೆ ಬರೆದಿರ್ತಾರೆ?

ಮಕ್ಕಳ ಜ್ವರದ ಔಷಧಿ ಎಷ್ಟೋ ಸಲ ಸಸ್ಪೆನ್ಷನ್, ಅಂದರೆ ನಿಲಂಬನ. ಲೇಬಲ್ ಮೇಲೆ ಆ ಪದ ಇರುತ್ತೆ, ಆದರೂ ಜನ ಎಲ್ಲಕ್ಕೂ ಸಿರಪ್ ಅಂತಲೇ ಹೇಳೋದು. ಅಲುಗಾಡಿಸದೆ ಕೊಟ್ಟರೆ ಏನಾಗುತ್ತೆ? ಔಷಧಿಯ ಕಣ ತಳದಲ್ಲಿ ಇರುತ್ತೆ. ಮೊದಲ ದಿನಗಳಲ್ಲಿ ಮಗುವಿಗೆ ಸಿಗೋದು ತೆಳು ಔಷಧಿ, ಜ್ವರ ಇಳಿಯಲ್ಲ. ಬಾಟಲಿ ಮುಗಿಯುವ ಹೊತ್ತಿಗೆ ಅದೇ ಅಳತೆಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಹೋಗುತ್ತೆ. ಚಮಚ ಒಂದೇ, ಡೋಸ್ ಮಾತ್ರ ಬೇರೆ.

ಪುಡಿ ರೂಪದಲ್ಲಿ ಬರುವ ಆ್ಯಂಟಿಬಯೋಟಿಕ್ ಬಾಟಲಿಗೆ ಕುದಿಸಿ ಆರಿಸಿದ ನೀರನ್ನ ಗೆರೆಯವರೆಗೆ ಹಾಕಿ ಕಲಸಬೇಕು, ಆಮೇಲೆ ಪ್ರತಿ ಸಲವೂ ಅಲುಗಾಡಿಸಬೇಕು. ಓಆರ್‌ಎಸ್ ಹಾಗಲ್ಲ, ಅದು ದ್ರಾವಣ. ಒಮ್ಮೆ ಕರಗಿದರೆ ತಳಕ್ಕೆ ಕೂರಲ್ಲ. ಅಲ್ಲಿ ಮುಖ್ಯ ಆಗೋದು ನೀರಿನ ಅಳತೆ. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಇದೆಯೋ ಅಷ್ಟಕ್ಕೇ ಇಡೀ ಪ್ಯಾಕೆಟ್ ಹಾಕಬೇಕು.

ಮೆಡಿಕಲ್ ಶಾಪ್‌ನವರು ಬಾಟಲಿ ಕೊಡುವಾಗ ‘ಅಲುಗಾಡಿಸಿ ಕೊಡಿ’ ಅಂತ ಬಾಯಿ ಬಿಟ್ಟು ಒಂದು ಮಾತು ಹೇಳಿದರೆ, ಲೇಬಲ್ ಓದೋಕೆ ಬಾರದ ಅಜ್ಜಿಗೂ ಗೊತ್ತಾಗುತ್ತೆ.

ಕುಡಿಯುವ ನೀರು: ತಿಳಿ ಇದ್ದ ಮಾತ್ರಕ್ಕೆ ಒಳ್ಳೆಯದಲ್ಲ

ರಾಡಿ ನೀರು ಕಂಡರೆ ಯಾರೂ ಕುಡಿಯಲ್ಲ. ತೊಂದರೆ ಇರೋದು ತಿಳಿ ನೀರಲ್ಲಿ. ಫ್ಲೋರೈಡ್, ನೈಟ್ರೇಟ್ ನೀರಲ್ಲಿ ಕರಗಿರುತ್ತವೆ. ಅವು ದ್ರಾವಣದ ರೂಪದಲ್ಲಿ ಇರೋದರಿಂದ ಕಣ್ಣಿಗೆ ಕಾಣಲ್ಲ, ಟಾರ್ಚ್ ಬೆಳಕಿಗೂ ಸಿಗಲ್ಲ, ಬಟ್ಟೆಯಲ್ಲೂ ನಿಲ್ಲಲ್ಲ. ಕೋಲಾರ, ಪಾವಗಡದ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಜನ ಹಲ್ಲು, ಮೂಳೆ ಕೆಡಿಸಿಕೊಂಡಿದ್ದು ತಿಳಿ ನೀರು ಕುಡಿದೇ. ಭಾರತೀಯ ಮಾನಕದ ಪ್ರಕಾರ ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರು ಸಿಗದೇ ಇದ್ದಾಗ ಹೆಚ್ಚೆಂದರೆ 1.5 ಮಿಲಿಗ್ರಾಂ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತೆ. ಲ್ಯಾಬ್ ಪರೀಕ್ಷೆಯೇ ದಾರಿ.

ಇನ್ನೊಂದು ಎಚ್ಚರಿಕೆ. ಫಿಲ್ಟರ್ ಮಾರೋಕೆ ಮನೆ ಬಾಗಿಲಿಗೆ ಬರುವ ಕೆಲವರು ಎರಡು ಲೋಟ ನೀರಿಗೆ ಕರೆಂಟಿನ ಕಡ್ಡಿ ಅದ್ದಿ ತೋರಿಸ್ತಾರೆ. ನಿಮ್ಮ ನಲ್ಲಿ ನೀರು ಕಂದು ಬಣ್ಣದ ಗಸಿ ಆಗುತ್ತೆ, ಅವರ ನೀರು ಹಾಗೇ ಇರುತ್ತೆ. ‘ನೋಡಿ ಎಷ್ಟು ಕೊಳೆ’ ಅಂತಾರೆ. ಆ ಗಸಿ ನೀರಿನ ಕೊಳೆಯಲ್ಲ, ಕಡ್ಡಿಯ ಕಬ್ಬಿಣವೇ ಬಿಟ್ಟುಕೊಂಡು ಬಂದದ್ದು. ನಲ್ಲಿ ನೀರಲ್ಲಿ ಕರಗಿದ ಲವಣ ಇರೋದರಿಂದ ಕರೆಂಟ್ ಚೆನ್ನಾಗಿ ಹರಿಯುತ್ತೆ, ಲವಣ ತೆಗೆದ ನೀರಲ್ಲಿ ಹರಿಯೋದು ಬಹಳ ಕಡಿಮೆ, ಅಷ್ಟೇ. ಅವರ ನೀರಿಗೆ ಚಿಟಿಕೆ ಉಪ್ಪು ಹಾಕಿ ಮತ್ತೆ ತೋರಿಸೋಕೆ ಹೇಳಿ, ಅದೂ ಕಂದಾಗುತ್ತೆ.

ದಿನಸಿ ಅಂಗಡಿಯಲ್ಲಿ ಕಲಬೆರಕೆ ಪತ್ತೆ

ಆಹಾರ ಸುರಕ್ಷತಾ ಪ್ರಾಧಿಕಾರ ಜನರಿಗಾಗಿ ಹೇಳಿಕೊಟ್ಟಿರುವ ಸುಲಭ ಪರೀಕ್ಷೆಗಳಲ್ಲಿ ಕೆಲವು ಇದೇ ತತ್ವದ ಮೇಲೆ ನಿಂತಿವೆ. ಸಕ್ಕರೆಯನ್ನ ಒಂದು ಲೋಟ ನೀರಲ್ಲಿ ಕರಗಿಸಿ ಇಡಿ. ಸಕ್ಕರೆ ದ್ರಾವಣ ಆಗುತ್ತೆ. ಸೀಮೆಸುಣ್ಣದ ಪುಡಿ ಬೆರೆತಿದ್ದರೆ ಅದು ನಿಲಂಬನ ಆಗಿ ತಳದಲ್ಲಿ ಬಿಳಿ ಗಸಿ ಕೂರುತ್ತೆ. ಅರಿಶಿನ ಪುಡಿ ನೀರಿಗೆ ಹಾಕಿದರೆ ಪುಡಿ ತಳಕ್ಕೆ ಇಳಿದು ನೀರು ತೆಳು ಹಳದಿ ಆಗುತ್ತೆ. ನೀರೇ ಗಾಢ ಹಳದಿ ಆದರೆ ಕರಗುವ ಕೃತಕ ಬಣ್ಣ ಸೇರಿದೆ ಅಂತ ಅನುಮಾನ ಪಡಬೇಕು. ಹೋಲ್‌ಸೇಲ್‌ನಿಂದ ಬಂದ ಮೂಟೆಯಿಂದ ಒಂದು ಚಮಚ ತೆಗೆದು ನೋಡೋಕೆ ಅಂಗಡಿಯವರಿಗೆ ಐದು ನಿಮಿಷ ಸಾಕು. ಗಿರಾಕಿ ಬಂದು ಕೇಳುವ ಮೊದಲು ನಮಗೇ ಗೊತ್ತಾದರೆ ಒಳ್ಳೆಯದಲ್ವಾ?

ಪ್ರಾಕ್ಟಿಕಲ್ ಮುಗಿದ ಮೇಲೆ

ಮಣ್ಣು, ಮರಳಿನ ಗಸಿಯನ್ನ ಸಿಂಕ್‌ಗೆ ಸುರೀಬೇಡಿ, ಪೈಪ್ ಕಟ್ಟಿಕೊಳ್ಳುತ್ತೆ. ಮೈಲುತುತ್ತು ಬಳಸಿದ್ದರೆ ಕೆರೆ, ಹಳ್ಳಕ್ಕೆ ಬಿಡಬಾರದು, ಮೀನಿಗೆ ಅದು ವಿಷ. ಟೀಚರ್ ಹೇಳಿದ ಡಬ್ಬಕ್ಕೇ ಹಾಕಿ. ಮೊಟ್ಟೆ ಮುಟ್ಟಿದ ಕೈ ಸೋಪು ಹಾಕಿ ತೊಳೆಯಿರಿ. ರೆಕಾರ್ಡ್ ಪುಸ್ತಕದಲ್ಲಿ ಉತ್ತರ ಮಾತ್ರ ಬರೆಯದೆ, ನಾಲ್ಕೂ ಪರೀಕ್ಷೆಯಲ್ಲಿ ಕಣ್ಣಿಗೆ ಕಂಡದ್ದನ್ನ ಕಂಡ ಹಾಗೇ ಬರೆಯಿರಿ.